ಹಳ್ಳದ ನೀರೂ ನೆಲದ ನೀರೂ ಒಂದೇ

ಮಾನ್ಯ ಸಂಪಾದಕರೇ,

ಭೂವಿಜ್ಞಾನವನ್ನು ಮೊದಲ ಬಾರಿಗೆ ಓದುವವರಿಗೆ ಹಳ್ಳ, ನದಿಗಳು ಒಂದು ಅಧ್ಯಾಯ, ಪ್ರವಾಹ ಅದರ ಕೊನೆಯ ಕೆಲವು ಪುಟ, ಅಂತರ್ಜಲ ಮತ್ತೊಂದು ಅಧ್ಯಾಯ. ಹಲವು ವರ್ಷ ಈ ಪಾಠ ಮಾಡಿದ ನನಗೆ, ತಪ್ಪು ತಿಳಿವಳಿಕೆ ಶುರುವಾಗುವುದೇ ಈ ವಿಂಗಡಣೆಯಿಂದ ಎನ್ನಿಸಿದೆ. ಪತ್ರಿಕೆಗಳಲ್ಲಿಯೂ ಮಳೆಗಾಲದಲ್ಲಿ ನೆರೆಯ ಸುದ್ದಿ, ಬೇಸಿಗೆಯಲ್ಲಿ ಬತ್ತಿದ ಬಾವಿಗಳ ಸುದ್ದಿ ಬೇರೆ ಬೇರೆಯಾಗಿಯೇ ಬರುತ್ತವೆ.

ಮಳೆ ನಿಂತು ವಾರಗಳು ಕಳೆದ ಮೇಲೂ ಹರಿಯುವ ಹಳ್ಳಕ್ಕೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಹೆಚ್ಚಿನ ವಿದ್ಯಾರ್ಥಿಗಳು ಉತ್ತರ ಹೇಳಲು ತಡವರಿಸುತ್ತಾರೆ. ಅದು ಬಹುಮಟ್ಟಿಗೆ ದಡದ ನೆಲದೊಳಗಿಂದ ಜಿನುಗುವ ನೀರು. ಅಂತರ್ಜಲದ ಮಟ್ಟ ಹಳ್ಳದ ನೀರಿಗಿಂತ ಮೇಲಿರುವ ತನಕ ನೆಲವು ಹಳ್ಳಕ್ಕೆ ನೀರೂಡುತ್ತದೆ. ಕೊಳವೆಬಾವಿಗಳಿಂದ ಎತ್ತಿ ಎತ್ತಿ ಆ ಮಟ್ಟ ಕೆಳಗಿಳಿದರೆ ಹರಿವು ತಿರುಗುಮುರುಗಾಗಿ, ಹಳ್ಳವೇ ನೆಲಕ್ಕೆ ನೀರು ಬಿಟ್ಟುಕೊಡುತ್ತ ಕೊನೆಗೆ ತಾನೇ ಬತ್ತುತ್ತದೆ. ಒಣಗಿದ ಹಳ್ಳದ ಮರಳನ್ನು ಮೊಣಕೈ ಆಳ ತೋಡುವಾಗ ಮೊದಲು ಮರಳಿನ ಬಣ್ಣ ಗಾಢವಾಗಿ, ಆಮೇಲೆ ಗುಂಡಿಯ ಅಂಚು ಕುಸಿಯುತ್ತ, ತಳದಲ್ಲಿ ಒರತೆಯ ತಿಳಿನೀರು ಕೂಡಿಕೊಳ್ಳುವುದನ್ನು ಕಂಡವರಿಗೆ ಇದನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ತರಗತಿಯಲ್ಲಿ ನಾನು ಎರಡು ಗಾಜಿನ ಕೊಳವೆಗಳಲ್ಲಿ ದಪ್ಪ ಮರಳನ್ನೂ ಜೇಡಿಮಣ್ಣನ್ನೂ ತುಂಬಿ, ಎರಡಕ್ಕೂ ಅಷ್ಟಷ್ಟೇ ನೀರು ಸುರಿಯುತ್ತೇನೆ. ಮರಳಿನ ಕೆಳಗೆ ನೀರು ಕೂಡಲೇ ತೊಟ್ಟಿಕ್ಕುತ್ತದೆ. ಜೇಡಿಯ ಮೇಲಿನ ನೀರು ಪಾಠ ಮುಗಿದರೂ ಹಾಗೆಯೇ ನಿಂತಿರುತ್ತದೆ. ಜೇಡಿಯಲ್ಲಿ ಖಾಲಿ ಜಾಗ ಮರಳಿಗಿಂತ ಹೆಚ್ಚೇ ಇರಬಹುದು, ಆದರೆ ಆ ರಂಧ್ರಗಳು ನೀರನ್ನು ಸಾಗಗೊಡದಷ್ಟು ಸಣ್ಣವು. ಮರಳಿನ ಮೂಲಕ ನೀರು ಹರಿಯುವ ನಿಯಮವನ್ನು ಫ್ರಾನ್ಸಿನ ಎಂಜಿನಿಯರ್ ಆನ್ರಿ ಡಾರ್ಸಿ ಪ್ರಕಟಿಸಿದ್ದು 1856ರಲ್ಲಿ; ಅಂತರ್ಜಲದ ಲೆಕ್ಕಾಚಾರ ಇಂದಿಗೂ ಅದನ್ನೇ ಆಧರಿಸಿದೆ. ಇನ್ನು, ಅತಿಯಾಗಿ ನೀರೆತ್ತಿದಾಗ ಜೇಡಿಯ ಪದರಗಳು ಅದುಮಿಕೊಂಡು ನೆಲವೇ ಕುಸಿಯುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಒಂದು ಕಡೆ 1925ರಿಂದ 1977ರ ನಡುವೆ ನೆಲ ಸುಮಾರು 9 ಮೀಟರ್ ಇಳಿಯಿತು. ಹೀಗೆ ಅದುಮಿಹೋದ ಪದರ ಮುಂದೆ ಎಷ್ಟು ಮಳೆ ಬಂದರೂ ಮೊದಲಿನಂತೆ ಹಿಗ್ಗುವುದಿಲ್ಲ ಎಂಬುದು ನನಗೆ ಅತ್ಯಂತ ಆತಂಕದ ಸಂಗತಿ.

ನೆಲವನ್ನು ಕಾಂಕ್ರೀಟಿನಿಂದ ಮುಚ್ಚಿದಾಗಲೂ ನಷ್ಟ ಎರಡು ಕಡೆ ಆಗುತ್ತದೆ. ಇಂಗಬೇಕಾದ ಮಳೆ ನೇರವಾಗಿ ಚರಂಡಿ ಸೇರಿ, ನೆರೆಯ ಏರು ಬೇಗ ಬರುತ್ತದೆ, ಎತ್ತರವೂ ಹೆಚ್ಚುತ್ತದೆ; ಬೇಸಿಗೆಯಲ್ಲಿ ಹಳ್ಳವನ್ನು ನಡೆಸಬೇಕಾಗಿದ್ದದ್ದೂ ಆ ನೀರೇ.

‘ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ’ ಎಂಬ ಮಾತನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಅದರ ಅರ್ಥವಲ್ಲ. ಯಾವುದೇ ವರ್ಷ ಅಂಥ ನೆರೆ ಬರುವ ಸಾಧ್ಯತೆ ಶೇ 1 ಎಂದಷ್ಟೇ. 30 ವರ್ಷಗಳಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇ 26. ಈ ಲೆಕ್ಕವೂ ಹಿಂದಿನ ದಾಖಲೆಗಳನ್ನು ನಂಬಿದ್ದು. ಜಲಾನಯನ ಪ್ರದೇಶದ ನೆಲ ನೀರು ಕುಡಿಯುವುದನ್ನು ಕಡಿಮೆ ಮಾಡಿದ ಮೇಲೆ ಹಳೆಯ ಅಂದಾಜು ನಿಲ್ಲುವುದಿಲ್ಲ.

ಆದ್ದರಿಂದ ನೆರೆಯ ವರದಿಗಳಲ್ಲಿ ಮಳೆಯ ಪ್ರಮಾಣದ ಜೊತೆಗೆ ಆ ಪ್ರದೇಶದ ಅಂತರ್ಜಲ ಮಟ್ಟವನ್ನೂ, ಅಲ್ಲಿನ ಎಷ್ಟು ನೆಲ ಮುಚ್ಚಿಹೋಗಿದೆ ಎಂಬುದನ್ನೂ ನಮೂದಿಸಬೇಕೆಂದು, ‘ನೂರು ವರ್ಷಕ್ಕೊಮ್ಮೆ’ ಎನ್ನುವ ಬದಲು ‘ಯಾವುದೇ ವರ್ಷ ಶೇ 1 ಸಾಧ್ಯತೆ’ ಎಂದು ಬರೆಯಬೇಕೆಂದು ವಿನಂತಿಸುತ್ತೇನೆ.

ಇಂತಿ,
ಭೂವಿಜ್ಞಾನದ ಒಬ್ಬ ಅಧ್ಯಾಪಕ