ಗುಳಿ ಮುಚ್ಚಿದ ಕ್ಯಾಸೆಟ್ಟುಗಳು

ಪ್ರೀತಿಯ ಮಗಳೇ,

ಕ್ಯಾಸೆಟ್ ಪೆಟ್ಟಿಗೆ ಈಗ ನಿನ್ನ ಕೈಗೆ ಬಂದಿದೆ. ಅದರಲ್ಲಿರುವ ಸಿನಿಮಾ ಹಾಡುಗಳಿಗಾಗಿ ತಲೆ ಕೆಡಿಸಿಕೊಳ್ಳಬೇಡ, ಅವು ನಿನ್ನ ಫೋನಿನಲ್ಲೇ ಇದಕ್ಕಿಂತ ಚೆನ್ನಾಗಿ ಕೇಳುತ್ತವೆ. ಮೊದಲು ಒಂದೊಂದೇ ಕ್ಯಾಸೆಟ್ ತೆಗೆದು ಅದರ ಬೆನ್ನಿನ ಅಂಚು ನೋಡು. ಎರಡು ಮೂಲೆಗಳಲ್ಲೂ ಒಂದೊಂದು ಚಿಕ್ಕ ಚೌಕದ ಗುಳಿ ಇರುತ್ತದೆ. ಕೊಂಡುತಂದ ಹಾಡಿನ ಕ್ಯಾಸೆಟ್ಟಿನಲ್ಲಿ ಅದು ತೆರೆದಿರುತ್ತದೆ, ಹಾಗಾಗಿ ರೆಕಾರ್ಡ್ ಬಟನ್ ಒತ್ತಿದರೂ ಕೆಳಗಿಳಿಯುವುದಿಲ್ಲ. ಆ ಗುಳಿಗೆ ಯಾರಾದರೂ ಸೆಲ್ಲೋಟೇಪ್ ಅಂಟಿಸಿದ್ದರೆ, ಕಾಗದ ತುರುಕಿದ್ದರೆ, ಹಾಡಿನ ಮೇಲೆ ಮನೆಯವರ ದನಿ ತುಂಬಿದೆ ಅಂತಲೇ ತಿಳಿ. ಲೇಬಲ್ಲಿನ ಮೇಲೆ ಯಾವ ಸಿನಿಮಾದ ಹೆಸರಾದರೂ ಇರಲಿ. ಅಂಥವನ್ನೆಲ್ಲ ಬೇರೆ ತೆಗೆದಿಡು, ಆ ದನಿಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಶುರುವಾಗಬೇಕಾದ್ದು ಅವುಗಳಿಂದ. ಅಂಟಿಸಿದ ಟೇಪನ್ನು ಆಗಲೇ ಕಿತ್ತುಬಿಡು. ಖಾಲಿ ಕ್ಯಾಸೆಟ್ಟಾಗಿ ಬಂದದ್ದಾದರೆ ಗುಳಿಯ ಬಾಯಲ್ಲಿ ಪ್ಲಾಸ್ಟಿಕ್ ಚೂರೊಂದು ಇರುತ್ತದೆ, ಸ್ಕ್ರೂಡ್ರೈವರಿನಿಂದ ಮೀಟಿ ಮುರಿ. ಅವಸರದಲ್ಲಿ ತಪ್ಪು ಬಟನ್ ಒತ್ತಿದರೂ ಒಂದು ಮಾತೂ ಅಳಿಸಿಹೋಗಬಾರದು.

ಕ್ಯಾಸೆಟ್ಟಿನ ಚಕ್ರದ ತೂತಿಗೆ ಪೆನ್ಸಿಲ್ ಹಾಕಿ ಒಂದೆರಡು ಸುತ್ತು ತಿರುಗಿಸಿ ನೋಡು. ಬಿಗಿಯಿದ್ದರೆ ಹಾಕಿ ಪ್ಲೇ ಮಾಡಬೇಡ. ಕಿಟಕಿಯೊಳಗೆ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿಯಂಥದ್ದು ಕಂಡರೆ ಅದು ಬೂಷ್ಟು. ಆ ಕ್ಯಾಸೆಟ್ಟನ್ನು ಪ್ರತ್ಯೇಕ ಚೀಲದಲ್ಲಿಡು, ಟೇಪ್ ರೆಕಾರ್ಡರ್ ಯಂತ್ರಕ್ಕೆ ಹಾಕಿದರೆ ಟೇಪಿನ ದನಿ ಓದುವ ಹೆಡ್ಡಿಗೆ ಹತ್ತಿ ಉಳಿದವಕ್ಕೂ ಹರಡುತ್ತದೆ. ಉಳಿದವನ್ನು ಪೂರ್ತಿ ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಸುತ್ತಿಸು. ವರ್ಷಗಟ್ಟಲೆ ಒಂದಕ್ಕೊಂದು ಅಂಟಿಕೊಂಡ ಸುತ್ತುಗಳು ಸಡಿಲವಾಗುತ್ತವೆ. ಸಿ-120, ಅಂದರೆ ಎರಡೂ ಬದಿ ಸೇರಿ 120 ನಿಮಿಷದ ಕ್ಯಾಸೆಟ್ಟು, ಇದ್ದರೆ ಈ ಕೆಲಸ ಪೆನ್ಸಿಲಿನಿಂದಲೇ ಮಾಡು, ಅದರ ಟೇಪು ತೀರಾ ತೆಳು, ರೋಲರಿಗೆ ಸುತ್ತಿಕೊಂಡುಬಿಡುತ್ತದೆ.

ಇನ್ನು ಯಂತ್ರ. ಫಿಲಿಪ್ಸ್‌ನವರು 1963ರಲ್ಲಿ ಹೊರತಂದ ಈ ಕ್ಯಾಸೆಟ್ಟಿನಲ್ಲಿ ಟೇಪು ಸೆಕೆಂಡಿಗೆ ಬರೀ 4.76 ಸೆಂಟಿಮೀಟರ್ ಸರಿಯುತ್ತದೆ. ಅಷ್ಟು ನಿಧಾನವಾದ್ದರಿಂದ ಹೆಡ್ಡಿನ ಮೇಲೆ ಕೂತ ಒಂದು ಪದರ ಕೊಳೆಯೂ ದನಿಯನ್ನು ಮಂಕು ಮಾಡಿಬಿಡುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಹಿಂಡಿದ ಹತ್ತಿಕಡ್ಡಿಯಿಂದ ಹೆಡ್ಡು, ಪಕ್ಕದ ಸ್ಟೀಲ್ ಕಡ್ಡಿ, ರಬ್ಬರ್ ರೋಲರ್ ಮೂರನ್ನೂ ಒರೆಸು. ಹತ್ತಿಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೂ ಒರೆಸಬೇಕು. ಐದು ನಿಮಿಷ ಒಣಗಲು ಬಿಡು. ಪ್ರತಿ ಕ್ಯಾಸೆಟ್ಟಿನ ನಂತರವೂ ಇದನ್ನೇ ಮಾಡು.

ಮಾತು ಎಳೆದಂತೆ, ದಪ್ಪಗೆ ಕೇಳಿದರೆ ಸಾಮಾನ್ಯವಾಗಿ ಯಂತ್ರದ ಮೋಟರಿನ ರಬ್ಬರ್ ಬೆಲ್ಟ್ ಸಡಿಲವಾಗಿರುತ್ತದೆ. ಹಾಡುಗಳು ಉಪಯೋಗಕ್ಕೆ ಬರುವುದು ಇಲ್ಲೇ ನೋಡು. ಕ್ಯಾಸೆಟ್ಟಿನ ಒಂದು ಹಾಡನ್ನೂ ಫೋನಿನಲ್ಲಿ ಅದೇ ಹಾಡನ್ನೂ ಹಾಕಿ ಸಮಯ ಅಳೆ. ನಾಲ್ಕು ನಿಮಿಷದ ಹಾಡು 4 ನಿಮಿಷ 10 ಸೆಕೆಂಡು ಹಿಡಿದರೆ ಯಂತ್ರ ನೂರಕ್ಕೆ ನಾಲ್ಕರಷ್ಟು ನಿಧಾನ. ಬೆಲ್ಟ್ ಬದಲಿಸು, ರೆಕಾರ್ಡಿಂಗ್ ಆಮೇಲೆ.

ವೇಗ ಸರಿಯಿದ್ದೂ ದನಿ ಕಂಬಳಿಯೊಳಗಿಂದ ಬಂದಂತಿದ್ದರೆ ಹೆಡ್ಡಿನ ಕೋನ ತಪ್ಪಿರಬಹುದು. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಪುಟ್ಟ ಸ್ಕ್ರೂ ಇದೆ. ಹೆಡ್‌ಫೋನ್ ಹಾಕಿಕೊಂಡು, ಟೇಪು ಓಡುತ್ತಿರುವಾಗಲೇ ಅದನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸುತ್ತಾ 'ಸ', 'ಶ' ಅಕ್ಷರಗಳನ್ನಷ್ಟೇ ಗಮನಿಸು. ಅವು ಎಲ್ಲಿ ಅತಿ ಚುರುಕಾಗಿ ಕೇಳುತ್ತವೋ ಅಲ್ಲಿ ನಿಲ್ಲಿಸು. ಬೇರೆ ಬೇರೆ ಯಂತ್ರದಲ್ಲಿ ತುಂಬಿದ ಕ್ಯಾಸೆಟ್ಟಿಗೆ ಬೇರೆ ಬೇರೆ ಕೋನ, ಒಮ್ಮೆ ಸರಿಮಾಡಿದರೆ ಮುಗಿಯಿತು ಅಂದುಕೊಳ್ಳಬೇಡ. ದನಿ ಬಂದು ಬಂದು ಹೋಗುತ್ತಿದ್ದರೆ ಮಾತ್ರ ಕ್ಯಾಸೆಟ್ಟಿನ ಬಾಯಿಯ ನಡುವೆ ಇರುವ ಉಣ್ಣೆಯ ಮೆತ್ತೆ ನೋಡು. ಅಂಟು ಒಣಗಿ ಉದುರಿರುತ್ತದೆ. ಬೇಡದ ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ ಅದರ ಮೆತ್ತೆ ತೆಗೆದು ಇದಕ್ಕೆ ಹಾಕು.

ಯಂತ್ರದ ಲೈನ್ ಔಟ್ ತೂತಿನಿಂದ ಕಂಪ್ಯೂಟರಿನ ಲೈನ್ ಇನ್ ತೂತಿಗೆ ವೈರು ಕೊಡು. ಮೈಕಿನ ತೂತಿಗೆ ಕೊಟ್ಟರೆ ದನಿ ಒಡೆಯುತ್ತದೆ. ಅತಿ ಜೋರಾದ ಜಾಗ ಹುಡುಕಿ, ಅದು ಕಂಪ್ಯೂಟರಿನ ರೆಕಾರ್ಡಿಂಗ್ ಮೀಟರಿನಲ್ಲಿ ಮೈನಸ್ 6 ಡೆಸಿಬಲ್ ದಾಟದಂತೆ ದನಿಯ ಮಟ್ಟ ಇಡು. ದನಿಯನ್ನು ಕುಗ್ಗಿಸದ ವೇವ್ (WAV) ಫೈಲಿನಲ್ಲೇ ತುಂಬು. 44.1 ಕಿಲೋಹರ್ಟ್ಸ್, 16 ಬಿಟ್ ಸ್ಟೀರಿಯೊ ಆದರೆ ನಿಮಿಷಕ್ಕೆ ಸುಮಾರು 10 ಎಂಬಿ, ಸಿ-90 ಒಂದಕ್ಕೆ 1 ಜಿಬಿಗಿಂತ ಸ್ವಲ್ಪ ಕಡಿಮೆ. ಬದಿಗೊಂದು ಫೈಲು ಸಾಕು. 45 ನಿಮಿಷ ಯಂತ್ರದ ಹತ್ತಿರವೇ ಕೂರು. ಸುತ್ತಿಕೊಳ್ಳುವ ಕಡೆಯ ಚಕ್ರ ನಿಂತರೆ ಆ ಕ್ಷಣವೇ ಸ್ಟಾಪ್ ಒತ್ತು, ಇಲ್ಲದಿದ್ದರೆ ಟೇಪು ಒಳಗೇ ಸಿಕ್ಕಿ ಸುಕ್ಕಾಗುತ್ತದೆ.

ಮಾತು ಮುಗಿದು ಹಳೆಯ ಹಾಡು ಅರ್ಧದಿಂದ ಕೇಳತೊಡಗುತ್ತದೆ. ಅಲ್ಲೇ ನಿಲ್ಲಿಸಿಬಿಡಬೇಡ ಕಣೇ. ಒಂದು ಸಲ ಮುಗಿಸಿ, ಮತ್ತೆ ಬಟನ್ ಒತ್ತಿ ಇನ್ನೆರಡು ಮಾತು ಸೇರಿಸಿರುವುದು ಇಂಥ ಟೇಪುಗಳಲ್ಲಿ ಮಾಮೂಲು. ಟೇಪಿನ ಕೊನೆಯವರೆಗೂ ಓಡಲಿ. ಹಿನ್ನೆಲೆಯ ಸರಸರ ಸದ್ದು ತೆಗೆಯಬೇಕೆನಿಸಿದರೆ ಫೈಲಿನ ನಕಲು ಮಾಡಿಕೊಂಡು ಅದರಲ್ಲಿ ತೆಗೆ, ಮೂಲ ಫೈಲು ಮುಟ್ಟಬೇಡ. ಸದ್ದು ಜಾಸ್ತಿ ತೆಗೆದರೆ ಮಾತು ನೀರೊಳಗಿಂದ ಬಂದಂತಾಗುತ್ತದೆ. ಪಾತ್ರೆ ಸದ್ದು, ಯಾರೋ ಬಾಗಿಲಾಚೆ ಕರೆಯುವುದು, ಮೈಕಿನ ಹತ್ತಿರ ಉಸಿರಾಡುವುದು, ಅದೆಲ್ಲ ಇರಬೇಕು.

ಪ್ರತಿಗಳನ್ನು ಎರಡು ಡಿಸ್ಕಿನಲ್ಲಿಡು, ಮೂರನೆಯದು ಬೇರೆ ಮನೆಯಲ್ಲಿರಲಿ. ಲೇಬಲ್ಲಿನ ಎರಡೂ ಬದಿಯ ಫೋಟೊ ತೆಗೆ, ತಪ್ಪು ಕಾಗುಣಿತವನ್ನೂ ಹಾಗೇ ಬರೆದುಕೋ.

ಆಮೇಲೆ ಹಿರಿಯರನ್ನು ಕೂರಿಸಿ ಕೇಳಿಸು. ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ ಸಾಕು, ಹೆಚ್ಚಾದರೆ ದಣಿಯುತ್ತಾರೆ. "ಇದು ಯಾರು?" ಅಂತ ಕೇಳಿದಾಗ ಬಂದ ಉತ್ತರವನ್ನು ನಿಮಿಷ, ಸೆಕೆಂಡಿನ ಸಮೇತ ಬರೆ: 12:40, ನಗುವವರು ಚಿಕ್ಕಮ್ಮ. 13:05, ಕೆಮ್ಮು, ಅಜ್ಜ. ದನಿ ಗುರುತಿಸುವವರು ಈಗ ಇರುವಾಗಲೇ ಇದನ್ನು ಮಾಡು, ಯಂತ್ರ ರಿಪೇರಿ ಮುಗಿಯಲಿ ಅಂತ ಕಾಯಬೇಡ. ಅಲ್ಲಿಯವರೆಗೆ ಮಂಕಾಗಿ ಕೇಳುವ ಟೇಪನ್ನೇ ಒಂದು ಸಲ ಫೋನಿನಲ್ಲಿ ಹಿಡಿದು ಕೇಳಿಸಿದರೂ ಆದೀತು, ಅವರಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ.

ನಿನ್ನ ಅಮ್ಮ