ತಮ್ಮನ ಮೂರು ವರ್ಷ ಎಲ್ಲೂ ಹೋಗಿಲ್ಲ

ನಾಟಿಂಗ್‌ಹ್ಯಾಮ್
ಭಾನುವಾರ ರಾತ್ರಿ

ಅಪ್ಪನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಅಮ್ಮನ ಮಂಡಿನೋವು ಈಗ ಹೇಗಿದೆ? ಸಕಲೇಶಪುರದ ಕಡೆ ಹೂಮಳೆ ಬಂತು ಅಂತ ಅಕ್ಕ ಹೇಳಿದಳು. ಕೇಳಿ ಖುಷಿಯಾಯ್ತು. ಇಲ್ಲಿ ಇನ್ನೂ ಸ್ವೆಟರ್ ಬಿಚ್ಚುವ ಹಾಗಿಲ್ಲ.

ಮೊನ್ನೆ ಫೋನಿನಲ್ಲಿ ತಮ್ಮನ ಮಾತು ಬಂದಾಗ ನಿಮ್ಮ ದನಿ ಇಳಿದುಹೋಯ್ತು. ಹಾಸನದಲ್ಲಿ ಮೂರು ವರ್ಷ ಮೋಟಾರ್ ರಿವೈಂಡಿಂಗ್ ಕಲಿತ, ಈಗ ಎಲ್ಲ ಬಿಟ್ಟು ಮೆಣಸಿನ ಬಳ್ಳಿಯ ನರ್ಸರಿ ಮಾಡ್ತೀನಿ ಅಂತಾನೆ, ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು ಅಂದಿರಿ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಎರಡು ದಿನದಿಂದ ಅದೇ ತಲೆಯಲ್ಲಿದೆ. ಅದಕ್ಕೇ ಕಾಗದ.

ಶುಕ್ರವಾರ ಸಂಜೆ ನಾವು ಐದು ಜನ ಒಬ್ಬರ ಮನೆಯಲ್ಲಿ ಸೇರಿ ಒಂದು ಆಟ ಆಡುತ್ತೇವೆ ಅಂತ ಹೇಳಿದ್ದೆ ಅಲ್ವಾ. ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಮಾತಿನಲ್ಲೇ ಕಥೆ ಕಟ್ಟುತ್ತಾ ಹೋಗುವುದು. ಒಬ್ಬ ಆಟ ನಡೆಸುತ್ತಾನೆ. ಸಂಶಯ ಬಂದ ಕಡೆ ದಾಳ ಹಾಕುತ್ತೇವೆ. ನಾವಾಡುವುದರ ಹೆಸರು ವಾರ್‌ಹ್ಯಾಮರ್ ಫ್ಯಾಂಟಸಿ ರೋಲ್‌ಪ್ಲೇ. 1986ರಲ್ಲಿ ಮೊದಲು ಬಂದದ್ದು. ಅದನ್ನು ಹೊರತಂದ ಗೇಮ್ಸ್ ವರ್ಕ್‌ಶಾಪ್ ಕಂಪನಿಯ ಮುಖ್ಯ ಕಚೇರಿ ಈಗ ಇದೇ ಊರಲ್ಲಿದೆ. ನಮ್ಮ ಹತ್ತಿರ ಇರುವುದು 2005ರ ಎರಡನೇ ಆವೃತ್ತಿ.

ಇದರಲ್ಲಿ ಯಾರೂ ರಾಜಕುಮಾರನಾಗಿ ಶುರು ಮಾಡುವುದಿಲ್ಲ. ದಾಳ ಹಾಕಿ ಒಂದು ಕಸುಬು ತಗೋಬೇಕು. ನನಗೆ ಬಿದ್ದದ್ದು ಇಲಿ ಹಿಡಿಯುವವನ ಕಸುಬು. ನಾಲ್ಕು ಬೋನು, ಒಂದು ಕವಣೆ, ಸತ್ತ ಇಲಿ ಕಟ್ಟಿದ ಒಂದು ಕೋಲು, ಜೊತೆಗೆ ಸಣ್ಣದಾದರೂ ಕಚ್ಚುವ ಒಂದು ನಾಯಿ. ಬೋನು ಇಡುವುದು, ಸದ್ದಿಲ್ಲದೆ ನಡೆಯುವುದು, ಮೂಲೆ ಮೂಲೆ ಹುಡುಕುವುದು ಅವನ ವಿದ್ಯೆ. ಆಡುತ್ತಾ ಆಡುತ್ತಾ ಅನುಭವದ ಅಂಕ ಸಿಗುತ್ತದೆ. 100 ಅಂಕ ಕೊಟ್ಟರೆ ಒಂದು ಹೊಸ ವಿದ್ಯೆ. ಆ ಕಸುಬಿನಲ್ಲಿ ಕಲಿಯುವುದೆಲ್ಲ ಮುಗಿದ ಮೇಲೆ ಅದರಿಂದ ದಾರಿ ಇರುವ ಇನ್ನೊಂದು ಕಸುಬಿಗೆ ಹೋಗಬಹುದು, ಅದಕ್ಕೂ 100. ದಾರಿಯೇ ಇಲ್ಲದ ಹೊಸ ಕಸುಬಿಗೆ ಹಾರಬೇಕಾದರೆ 200.

ಈಗ ಮುಖ್ಯ ಮಾತು. ಕಸುಬು ಬದಲಾದರೂ ಕಲಿತ ಒಂದು ವಿದ್ಯೆಯೂ ಪಾತ್ರದ ವಿವರ ಬರೆದಿಟ್ಟ ಹಾಳೆಯಿಂದ ಅಳಿಯುವುದಿಲ್ಲ. ಹಳೆಯ ವಿದ್ಯೆಯೇ ಹೊಸ ಕಸುಬಿನಲ್ಲೂ ಬಂದರೆ ಇನ್ನೂ ಒಳ್ಳೆಯದು. ಎರಡನೇ ಸಲ ಕಲಿತಾಗ ಅದರ ಬಲಕ್ಕೆ ಹತ್ತು ಸೇರುತ್ತದೆ.

ನನ್ನ ಇಲಿ ಹಿಡಿಯುವವನು ಕಸುಬು ಬದಲಿಸಿ ಈಗ ಜೈಲು ಕಾಯುತ್ತಾನೆ. ಹೋದ ಶುಕ್ರವಾರ ಒಬ್ಬ ಕೈದಿ ಮಾಯವಾದ. ಉಳಿದವರೆಲ್ಲ ಬಾಗಿಲು, ಬೀಗ, ಕಾವಲಿನವರು ಅಂತ ಓಡಾಡುತ್ತಿದ್ದರು. ನಾನು ನೆಲ ನೋಡುತ್ತೇನೆ ಅಂದೆ. ಹತ್ತು ಮುಖದ ಎರಡು ದಾಳ ಹಾಕಬೇಕು, ಒಂದು ಹತ್ತರ ಸ್ಥಾನಕ್ಕೆ, ಇನ್ನೊಂದು ಬಿಡಿ ಸ್ಥಾನಕ್ಕೆ. ಹುಡುಕುವುದರಲ್ಲಿ ಅವನ ಬಲ 38, ಅದರ ಒಳಗೆ ಬೀಳಬೇಕು. ಬಿದ್ದದ್ದು 21. ಒಂದು ಮೂಲೆಯಲ್ಲಿ ಮೋರಿಯ ಕಲ್ಲು ಅಲುಗಾಡಿತ್ತು, ಅಂಚಿನಲ್ಲಿ ಹಸಿ ಕೆಸರು. ಇಲಿಯ ಹಿಂದೆ ಮೋರಿಯಲ್ಲಿ ತೆವಳಿದವನಿಗೆ ಅಲ್ಲವೇ ಅದು ಕಾಣುವುದು? ಆಗ ನನಗೆ ನೀವು ನೆನಪಾದಿರಿ.

ಕಾಫಿ ಎಸ್ಟೇಟಿನಲ್ಲಿ ಹನ್ನೊಂದು ವರ್ಷ ಲೆಕ್ಕಪತ್ರ ನೋಡುವ ರೈಟರ್ ಆಗಿದ್ದು, ಆಮೇಲೆ ಅಂಗಡಿ ಹಾಕಿದಿರಿ. ಮೆಣಸು ಮಾರಲು ಬಂದವರ ಚೀಲಕ್ಕೆ ಮೊಣಕೈವರೆಗೂ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು, ಕಿವಿ ಹತ್ತಿರ ತಂದು ಉಜ್ಜುತ್ತಿದ್ದಿರಿ. ಒಂದು ಕಾಳು ಹಲ್ಲಿನಲ್ಲಿ ಕಡಿದು, "ಇನ್ನೂ ಒಂದು ಬಿಸಿಲು ಬೇಕು ಕಣಯ್ಯಾ" ಅನ್ನುತ್ತಿದ್ದಿರಿ. ಅದನ್ನು ಅಂಗಡಿಯಲ್ಲಿ ಕಲಿತಿರಾ? ಕಾಫಿ ಕಣದಲ್ಲಿ ಕಲಿತಿರಿ. ರೈಟರ್ ಕೆಲಸ ಬಿಟ್ಟಿರಿ, ಆ ಕಿವಿ ನಿಮ್ಮ ಜೊತೆಗೇ ಬಂತು.

ಎಲ್ಲ ಆಟವೂ ಹೀಗಿಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ 1974ರಲ್ಲಿ ಶುರುವಾದ ಆಟ ಇದೆ. ಅದರ ಹಳೆಯ ಅಡ್ವಾನ್ಸ್‌ಡ್ ನಿಯಮದಲ್ಲಿ ಒಬ್ಬ ಮನುಷ್ಯ ಕತ್ತಿ ಬಿಟ್ಟು ಮಂತ್ರವಿದ್ಯೆಗೆ ಹೋದರೆ, ಹೊಸದರಲ್ಲಿ ಹಳೆಯದಕ್ಕಿಂತ ಮೇಲೆ ಏರುವವರೆಗೂ ಹಳೆಯ ವಿದ್ಯೆ ಮುಟ್ಟುವಂತಿಲ್ಲ. ಮುಟ್ಟಿದರೆ ಆ ಸಲದ ಅನುಭವದ ಅಂಕ ಹೋಯಿತು. ಎರಡು ಕಡೆಯೂ ಬೇಗ ಬಲಿಯಬಾರದು ಅಂತ ಹಾಗೆ ಮಾಡಿರಬಹುದು. ನನಗೆ ಮಾತ್ರ ಅದು ಒಪ್ಪಿಗೆಯಿಲ್ಲ. ಕಲಿತ ಕೈಯನ್ನು ಕಟ್ಟಿಹಾಕಿ ಹೊಸದು ಕಲಿ ಅಂದರೆ ಹೇಗೆ? ಟ್ರಾವೆಲರ್ ಅಂತ 1977ರ ಇನ್ನೊಂದು ಆಟ ಇದೆ. ಅದರಲ್ಲಿ ಹದಿನೆಂಟಕ್ಕೆ ಕೆಲಸಕ್ಕೆ ಸೇರಿ ನಾಲ್ಕು ನಾಲ್ಕು ವರ್ಷದ ಲೆಕ್ಕದಲ್ಲಿ ದುಡಿಯಬೇಕು. 34 ತುಂಬಿದ ಮೇಲೆ ಮೈಯ ಬಲ ಕುಗ್ಗಲು ಶುರುವಾಗಬಹುದು. ಕಲಿತ ವಿದ್ಯೆ ಹಾಗೇ ಇರುತ್ತದೆ. ಅದನ್ನು ಓದಿದ ದಿನ ತುಂಬ ಹೊತ್ತು ಸುಮ್ನೆ ಕೂತಿದ್ದೆ.

ತಮ್ಮ ಹಾಸನದ ಆ ಮೋಟಾರ್ ವರ್ಕ್‌ಶಾಪ್ ಬಿಟ್ಟದ್ದು ಸೋಮಾರಿತನದಿಂದಲ್ಲ ಅಪ್ಪ. ನಾಲ್ಕು ತಿಂಗಳ ಸಂಬಳ ನಿಲ್ಲಿಸಿದ್ದರು. ನಿಮಗೆ ಬೇಜಾರಾಗುತ್ತದೆ ಅಂತ ಹೇಳಿರಲಿಲ್ಲ. ಈಗ ನೀವೇ ನೋಡಿ. ಕಾಫಿಗೆ ಸ್ಪ್ರಿಂಕ್ಲರ್ ಹಾಕುವ ಈ ತಿಂಗಳಲ್ಲಿ ಎಷ್ಟು ತೋಟದಲ್ಲಿ ಮೋಟಾರ್ ಸುಡುತ್ತೆ! ಬಿಚ್ಚಿ, ತಂತಿ ಸುತ್ತಿ ಕೊಡಲು ಅವನಿಗೆ ಬರುತ್ತೆ. ನರ್ಸರಿಗೆ ನೀರು ಬೇಕೇ ಬೇಕು, ಅವನ ಪಂಪಿಗೆ ಅವನು ಯಾರನ್ನೂ ಕಾಯಬೇಕಿಲ್ಲ. ಬಳ್ಳಿ ಆರಿಸುವುದು ಅವನಿಗೆ ಗೊತ್ತಿಲ್ಲ, ನಿಜ. ಅದು ನಿಮಗೆ ಗೊತ್ತು. ನೆಲದ ಮೇಲೆ ಹಬ್ಬಿದ ಬಳ್ಳಿಯಲ್ಲಿ ಯಾವುದನ್ನು ಕತ್ತರಿಸಬೇಕು, ಎಷ್ಟು ಗಿಣ್ಣು ಬಿಡಬೇಕು ಅಂತ ಒಂದು ದಿನ ಜೊತೆಗೆ ನಿಂತು ತೋರಿಸಿ.

ನಮ್ಮ ಆಟದಲ್ಲಿ ಇನ್ನೊಂದು ನಿಯಮ ಇದೆ. ಹೊಸ ಕಸುಬಿಗೆ ಸೇರುವ ಮೊದಲು ಅದರ ಸಾಮಾನು ಕೈಯಲ್ಲಿರಬೇಕು. ಶೇಡ್ ನೆಟ್‌ಗೂ ಪಾಲಿಥಿನ್ ಚೀಲಕ್ಕೂ ಆಗುವಷ್ಟು ದುಡ್ಡು ನಿನ್ನೆ ಅಕ್ಕನ ಖಾತೆಗೆ ಹಾಕಿದ್ದೇನೆ. ಕೊಟ್ಟಿಗೆ ಹಿಂದಿನ ಜಾಗ ಉದ್ದ ಎಷ್ಟು, ಅಗಲ ಎಷ್ಟು ಅಂತ ಅಳೆಸಿ, ಬುಧವಾರ ಫೋನ್ ಮಾಡಿದಾಗ ಹೇಳಿ. ಮಳೆ ಹಿಡಿಯುವ ಮೊದಲು ಬಳ್ಳಿ ಚಿಗುರಬೇಕಲ್ವಾ.

ಅಮ್ಮನಿಗೆ ಹೇಳಿ, ಕೊಟ್ಟು ಕಳಿಸಿದ್ದ ಕಾಫಿಪುಡಿ ಇನ್ನೂ ಒಂದು ತಿಂಗಳಿಗೆ ಆಗುತ್ತೆ.

ನಿಮ್ಮ ಮಗ