ಬತ್ತಿದ ಬೋರ್‌ವೆಲ್‌ಗೆ ಕಕ್ಕಸಿನ ನೀರು ಬಿಡುವುದನ್ನು ನಿಲ್ಲಿಸಲು ಮನವಿ

ಗೆ,
ಮಾನ್ಯ ಅಧ್ಯಕ್ಷರು ಹಾಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯಿತಿ, ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ

ಇಂದ,
ಕೆರೆ ಬೀದಿಯ ನಿವಾಸಿಗಳು

ವಿಷಯ: ಬತ್ತಿದ ಬೋರ್‌ವೆಲ್‌ಗಳನ್ನು ಮುಚ್ಚಿಸುವುದು, ಕುಡಿಯುವ ನೀರಿನ ಪರೀಕ್ಷೆ ಮಾಡಿಸುವುದು

ಮಾನ್ಯರೇ,

ನಮ್ಮ ಬೀದಿಯ ಮೂರು ಬತ್ತಿದ ಬೋರ್‌ಗಳಿಗೆ ಮನೆಗಳ ಕಕ್ಕಸಿನ ಪೈಪ್ ಜೋಡಿಸಲಾಗಿದೆ. ಜೋಡಿಸಿದವರು ಹೊರಗಿನವರಲ್ಲ, ನಾವೇ. ಈ ಪತ್ರಕ್ಕೆ ಸಹಿ ಹಾಕಿದವರಲ್ಲೂ ಇಬ್ಬರ ಮನೆ ಪೈಪ್ ಅಲ್ಲಿಗೇ ಹೋಗುತ್ತದೆ. ಅವರೇ ಮುಂದೆ ಬಂದು ಮೊದಲು ಸಹಿ ಹಾಕಿದ್ದಾರೆ.

ನಮ್ಮದು ಗಟ್ಟಿ ನೆಲ. ಎರಡು ಮೊಳ ಅಗೆದರೆ ಬಂಡೆ. ಗುಂಡಿ ತೋಡಿಸಲು ಬ್ರೇಕರ್ ತರಿಸಬೇಕು, ಅದಕ್ಕೆ ದುಡ್ಡು ಬೇಕು. ಹಿತ್ತಲಲ್ಲಿ ಬತ್ತಿದ ಬೋರ್ ಸುಮ್ನೆ ಬಾಯಿ ತೆರೆದುಕೊಂಡಿತ್ತು. ಎಷ್ಟು ಬಿಟ್ಟರೂ ತುಂಬುವುದಿಲ್ಲ. ಖರ್ಚೂ ಉಳಿಯಿತು, ಹೊಲಸೂ ಕಣ್ಣಿಗೆ ಬೀಳಲಿಲ್ಲ ಎಂದುಕೊಂಡೆವು.

ಆದರೆ ನಮ್ಮ ಕಡೆ ಆಳದ ನೀರು ಇರುವುದು ಬಂಡೆಯ ಬಿರುಕುಗಳಲ್ಲಿ. ಒಂದು ಬೋರಿಗೆ ಸಿಕ್ಕ ಬಿರುಕೇ ಪಕ್ಕದ ಬೋರಿನವರೆಗೂ ಹೋಗಿರಬಹುದು. ಮೇಲ್ಮಟ್ಟದ ಕಕ್ಕಸು ಗುಂಡಿಯಾದರೆ ಮಣ್ಣು ಒಂದಿಷ್ಟು ಸೋಸುತ್ತದೆ, ಎಷ್ಟೋ ರೋಗಾಣುಗಳು ಅಲ್ಲೇ ಸಾಯುತ್ತವೆ. ಬೋರಿನಲ್ಲಿ ಅಂಥ ತಡೆಯೇ ಇಲ್ಲ. ಹೊಲಸು ನೇರವಾಗಿ ನೂರಾರು ಅಡಿ ಕೆಳಗಿಳಿಯುತ್ತದೆ. ಟ್ಯಾಂಕಿಗೆ ನೀರೆತ್ತುವ ಪಂಚಾಯಿತಿ ಬೋರ್ ಅಲ್ಲಿಂದ ಕೂಗಳತೆ ದೂರದಲ್ಲಿದೆ.

2022ರಲ್ಲಿ ಒಳ್ಳೆ ಮಳೆಯಾಯಿತು. ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ನಮ್ಮೂರಿನ ಎಷ್ಟೋ ಬೋರ್‌ಗಳಿಗೂ ಜೀವ ಬಂತು. ಆಗ ನಾವೆಲ್ಲ ಖುಷಿಪಟ್ಟೆವು. ಆದರೆ ಬತ್ತಿದ ಬೋರಿಗೆ ನೀರು ಏರಿದರೆ, ವರ್ಷಗಟ್ಟಲೆ ಅಲ್ಲಿಗೆ ಬಿಟ್ಟ ಹೊಲಸೂ ಅದರೊಳಗೆ ಸೇರುತ್ತದೆ ಅಲ್ವಾ? ಆ ಸಲ ನಲ್ಲಿ ನೀರಿಗೆ ವಾಸನೆ ಬಂದಿದ್ದನ್ನು ಬೀದಿಯ ಹೆಂಗಸರು ಇವತ್ತಿಗೂ ಹೇಳುತ್ತಾರೆ. ಕಾರಣ ಇದೇ ಎಂದು ಪರೀಕ್ಷೆ ಇಲ್ಲದೆ ಹೇಳಲಾರೆವು. ಅದಕ್ಕೇ ಪರೀಕ್ಷೆ ಕೇಳುತ್ತಿದ್ದೇವೆ.

ನಮಗೆ ಜಾಸ್ತಿ ಭಯ ಇರುವುದು ನೈಟ್ರೇಟ್ ಬಗ್ಗೆ. ಕಕ್ಕಸಿನ ನೀರು, ತಿಪ್ಪೆ, ಹೊಲಕ್ಕೆ ಅತಿಯಾಗಿ ಹಾಕಿದ ಯೂರಿಯಾ, ಎಲ್ಲದರಿಂದಲೂ ಅದು ಕೆಳಗಿಳಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಇದಕ್ಕೆ ಬಣ್ಣ, ವಾಸನೆ ಇಲ್ಲ. ಕಾಯಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ಕುದ್ದು ನೀರು ಕಡಿಮೆಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಅಂಥ ನೀರಲ್ಲಿ ಹಾಲಿನ ಪುಡಿ ಕಲಸಿ ಹಸುಗೂಸಿಗೆ ಕುಡಿಸಿದರೆ, ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ ಮೈ ನೀಲಿಗಟ್ಟಬಹುದು. ಕಾಯಿಸಿದ ನೀರು ತಾನೇ ಎಂದು ತಾಯಿ ಧೈರ್ಯವಾಗಿ ಕೊಟ್ಟಿರುತ್ತಾಳೆ.

ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ನಮ್ಮ ಬಂಡೆಯಲ್ಲೇ ಇರುವುದು, ಯಾರೂ ಸುರಿದದ್ದಲ್ಲ. ಅದರ ಜೊತೆಗೆ ಇದನ್ನೂ ನಾವೇ ಸೇರಿಸುವುದು ಬೇಡ. ಶುದ್ಧ ನೀರಿನ ಘಟಕ ಇದೆಯಲ್ಲ ಎನ್ನಬಹುದು. ಅದು ಕೆಟ್ಟು ನಿಂತ ದಿನ ಎಲ್ಲರೂ ಕುಡಿಯುವುದು ನಲ್ಲಿ ನೀರನ್ನೇ.

ದಯವಿಟ್ಟು ಪಂಚಾಯಿತಿ ಬೋರ್ ಮತ್ತು ಮಿನಿ ಟ್ಯಾಂಕ್ ನೀರನ್ನು ನೈಟ್ರೇಟ್, ಫ್ಲೋರೈಡ್, ರೋಗಾಣು ಮೂರಕ್ಕೂ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಎಲ್ಲರಿಗೂ ಕಾಣುವಂತೆ ಬೋರ್ಡಿಗೆ ಹಚ್ಚಿ. ವರ್ಷಕ್ಕೆ ಒಮ್ಮೆ ರಾಸಾಯನಿಕ ಪರೀಕ್ಷೆ, ಎರಡು ಸಲ ರೋಗಾಣು ಪರೀಕ್ಷೆ ಆಗಬೇಕು ಎಂದು ಜಲಜೀವನ್ ಮಿಷನ್‌ನಲ್ಲೇ ಇದೆ. ಊರಿನ ಬತ್ತಿದ ಬೋರ್‌ಗಳನ್ನೆಲ್ಲ ಪಟ್ಟಿ ಮಾಡಿ ಮುಚ್ಚಿಸಿ. ಇಂಥವನ್ನು ಮಣ್ಣು, ಮರಳು, ಕಲ್ಲಿನಿಂದ ತಳದಿಂದ ಬಾಯಿವರೆಗೂ ತುಂಬಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಮಕ್ಕಳು ಬೀಳಬಾರದು ಎಂದು ಹೇಳಿದ ಮಾತು ಅದು, ಆದರೆ ನೀರನ್ನೂ ಕಾಯುತ್ತದೆ.

ಒಂದು ವಿನಂತಿ. ಪೈಪ್ ಕಿತ್ತು ದಂಡ ಹಾಕಿಬಿಟ್ಟರೆ ಜನ ರಾತ್ರಿ ಮತ್ತೆ ಜೋಡಿಸುತ್ತಾರೆ ಅಥವಾ ಬಯಲಿಗೆ ಹೋಗುತ್ತಾರೆ. ಮೊದಲು ಬೇರೆ ದಾರಿ ಮಾಡಿಕೊಡಿ. ಮಣ್ಣಿರುವ ಕಡೆ ಎರಡು ಗುಂಡಿಯ ಕಕ್ಕಸು ಆಗುತ್ತದೆ. ಬಂಡೆ ಇರುವ ಕಡೆ ನಾಲ್ಕೈದು ಮನೆಗೆ ಒಂದು ಸೆಪ್ಟಿಕ್ ಟ್ಯಾಂಕ್ ಕಟ್ಟಿ, ತುಂಬಿದಾಗ ಸಕ್ಕಿಂಗ್ ಗಾಡಿ ಬರುವಂತೆ ಮಾಡಿ. ಆ ಗಾಡಿ ಹಳ್ಳಕ್ಕೆ ಸುರಿದು ಹೋಗದಂತೆಯೂ ನೋಡಿಕೊಳ್ಳಿ. ಪಂಚಾಯಿತಿ ಬೋರಿನಿಂದ ದೂರ, ಬೀದಿಯ ಕೊನೆಯಲ್ಲಿರುವ ಖಾಲಿ ಜಾಗ ಬಿಟ್ಟುಕೊಡಲು ಅದರ ಮಾಲೀಕರು ಒಪ್ಪಿದ್ದಾರೆ. ಅಗೆಯುವ ಕೆಲಸಕ್ಕೆ ನಾವು ಮನೆಗೊಬ್ಬರಂತೆ ಬರುತ್ತೇವೆ. ಮುಂಗಾರಿಗೆ ಮೊದಲು ಒಮ್ಮೆ ಬಂದು ಆ ಜಾಗ ನೋಡಿ.

ಇಂತಿ ತಮ್ಮ ವಿಶ್ವಾಸಿಗಳು,
ಕೆರೆ ಬೀದಿಯ ನಿವಾಸಿಗಳು
(ಸಹಿಗಳನ್ನು ಲಗತ್ತಿಸಿದೆ)